ಕೊಲಾರ್ಡ್ ಸೊಪ್ಪು: ಹಂದಿಯ ಗೆಣ್ಣು, ಟರ್ಕಿಯ ರೆಕ್ಕೆ, ಬರೀ ಈರುಳ್ಳಿ

ಕೋಸಿನ ಜಾತಿಯ, ಅಗಲ ಎಲೆಯ ಕೊಲಾರ್ಡ್ ಸೊಪ್ಪು ಹದವಾಗಿ ಬೆಂದಿದೆಯೇ ಎಂದು ನೋಡಲು ನಾನು ಮೊದಲು ಚಮಚ ಹಾಕುವುದು ಅದರ ರಸಕ್ಕೆ. ಅಮೆರಿಕದ ದಕ್ಷಿಣದವರು ಪಾಟ್‌ಲಿಕ್ಕರ್ ಎಂದು ಕರೆಯುವ ಈ ರಸದಲ್ಲಿ ಮೆಕ್ಕೆಜೋಳದ ಬ್ರೆಡ್ಡನ್ನು ಅದ್ದಿ ತಿನ್ನಬೇಕೋ ಪುಡಿಮಾಡಿ ಹಾಕಿಕೊಳ್ಳಬೇಕೋ ಎಂದು 1931ರಲ್ಲಿ ಲೂಯಿಸಿಯಾನದ ಗವರ್ನರ್ ಹ್ಯೂಯಿ ಲಾಂಗ್ ಅವರಿಗೂ ಅಟ್ಲಾಂಟಾದ ಪತ್ರಿಕೆಯೊಂದರ ಸಂಪಾದಕರಿಗೂ ದೊಡ್ಡ ವಾದವೇ ನಡೆದಿತ್ತು. ಬಸ್ಸಾರಿನ ಮನೆಯಲ್ಲಿ ಬೆಳೆದವರಿಗೆ ಸೊಪ್ಪು ಬೇಯಿಸಿದ ನೀರಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹಾಗಾಗಿ ಜಾರ್ಜಿಯಾದ ನನ್ನ ಅಡುಗೆಮನೆಯಲ್ಲಿ ಮಾಡಿ ನೋಡಿದ ಮೂರು ಬಗೆಗಳನ್ನು ರಸದಿಂದಲೇ ತೂಗಿದ್ದೇನೆ.

ಮೊದಲನೆಯದು ಹ್ಯಾಮ್ ಹಾಕ್, ಅಂದರೆ ಉಪ್ಪು ಹಚ್ಚಿ ಹೊಗೆಯಲ್ಲಿ ಹದಮಾಡಿದ ಹಂದಿಯ ಕಾಲಿನ ಗೆಣ್ಣು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯೊಂದಿಗೆ ಸುಮಾರು ಎರಡು ಲೀಟರ್ ನೀರಿನಲ್ಲಿ ಒಂದೂವರೆ ಗಂಟೆ ಅದೊಂದನ್ನೇ ಸಣ್ಣ ಉರಿಯಲ್ಲಿ ಕುದಿಸುತ್ತೇನೆ. ಆಮೇಲೆ ದಪ್ಪ ದಂಟು ತೆಗೆದು, ಮರಳು ಹೋಗುವವರೆಗೆ ತೊಳೆದ ಒಂದು ಕಿಲೋದಷ್ಟು ಸೊಪ್ಪು ಹಾಕಿ ಇನ್ನೊಂದು ಗಂಟೆ. ಚರ್ಮ, ನರ, ಮೂಳೆಯ ಸಾರವೆಲ್ಲ ಬಿಟ್ಟು ರಸ ತುಟಿಗೆ ಅಂಟುತ್ತದೆ. ಫ್ರಿಜ್‌ನಲ್ಲಿಟ್ಟರೆ ಮರುದಿನ ಗಟ್ಟಿಯಾಗಿರುತ್ತದೆ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು, ಎಷ್ಟೋ ಸಲ ಬೇಕಾಗುವುದೇ ಇಲ್ಲ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕನ್ ಮೂಲದ ಅಡುಗೆಯವರು ಕೈಗೆ ಸಿಕ್ಕ ಅಗ್ಗದ ತುಂಡುಗಳಿಂದ ಇಂಥ ರಸ ತೆಗೆದರು ಎಂಬುದನ್ನು ನೆನೆದರೆ ನನಗೆ ಅವರ ಮೇಲೆ ಅಪಾರ ಗೌರವ ಮೂಡುತ್ತದೆ. ಮುದ್ದೆಗೂ ಇದು ಚೆನ್ನಾಗಿ ಒಗ್ಗುತ್ತದೆ.

ಎರಡನೆಯದು ಹೊಗೆಯಾಡಿಸಿದ ಟರ್ಕಿ ಕೋಳಿ. ಕೊಬ್ಬು ಕಡಿಮೆ ಮಾಡಲೆಂದು ಇಲ್ಲಿನ ಅನೇಕ ಕಪ್ಪು ಕುಟುಂಬಗಳು ಹಂದಿ ಬಿಟ್ಟು ಇದಕ್ಕೆ ಬಂದಿವೆ. ಹಂದಿ ತಿನ್ನದ ನಮ್ಮವರಿಗೂ ಅನುಕೂಲ. ಕಾಲಿಗಿಂತ ರೆಕ್ಕೆಯನ್ನೇ ಕೊಳ್ಳಿ: ಕಾಲಿನಲ್ಲಿ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ, ರೆಕ್ಕೆಯಲ್ಲಿ ಚರ್ಮವೂ ಗೆಣ್ಣೂ ಹೆಚ್ಚು. ಹೊಗೆಯ ವಾಸನೆ ಮುಕ್ಕಾಲು ಗಂಟೆಯಲ್ಲೇ ನೀರಿಗಿಳಿಯುತ್ತದೆ. ರಸ ತೆಳು, ಆದರೆ ಹಗುರ. ಊಟವಾದ ಮೇಲೆ ಹೊಟ್ಟೆ ಭಾರ ಎನಿಸುವುದಿಲ್ಲ. ವಾರದ ದಿನಗಳಲ್ಲಿ ನಾನು ಮಾಡುವುದು ಇದನ್ನೇ.

ಮೂರನೆಯದರಲ್ಲಿ ಮಾಂಸವಿಲ್ಲ. ಈರುಳ್ಳಿಯನ್ನು ಚೆನ್ನಾಗಿ ಕೆಂಪಗೆ ಹುರಿದು, ಬೆಳ್ಳುಳ್ಳಿ, ಹೊಗೆಯಾಡಿಸಿದ ಪ್ಯಾಪ್ರಿಕಾ (ಕೆಂಪು ಮೆಣಸಿನಕಾಯಿ) ಪುಡಿ, ಒಣ ಅಣಬೆ ನೆನೆಸಿದ ನೀರು ಸೇರಿಸುತ್ತೇನೆ. ಎಲೆಯ ಸ್ವಂತ ರುಚಿ ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಇನ್ನೆರಡರಲ್ಲಿ ಕಾಣುವುದಿಲ್ಲ. ರಸಕ್ಕೆ ಮಾತ್ರ ಮೈಯಿಲ್ಲ. ಜಿಂಬಾಬ್ವೆಯವರು ಸೊಪ್ಪಿಗೆ ಕಡಲೆಕಾಯಿ ಬೆಣ್ಣೆ ಹಾಕುವ ರೀತಿಯನ್ನೂ ಅನುಸರಿಸಿ ನೋಡಿದೆ. ರಸ ಗಟ್ಟಿಯಾಯಿತು, ರುಚಿಯೂ ಸೊಗಸಾಗಿತ್ತು, ಆದರೆ ಅದು ಬೇರೆಯದೇ ಅಡುಗೆ.

ಪಾತ್ರೆಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಪ್ರೆಷರ್ ಕುಕ್ಕರ್‌ನಲ್ಲಿ ಸೊಪ್ಪು ಇಪ್ಪತ್ತು ನಿಮಿಷದೊಳಗೆ ಮೆತ್ತಗಾಗುತ್ತದೆ ನಿಜ. ಆದರೆ ಮುಚ್ಚಳದೊಳಗೆ ನೀರು ಬತ್ತುವುದಿಲ್ಲ, ಕೋಸಿನ ಜಾತಿಯ ಕಮಟು ವಾಸನೆಯೂ ಒಳಗೇ ಉಳಿಯುತ್ತದೆ. ಹೊತ್ತು ಉಳಿಸಲೇಬೇಕಿದ್ದರೆ ಗೆಣ್ಣನ್ನು ಕುಕ್ಕರ್‌ನಲ್ಲಿ ಬೇಯಿಸಿಕೊಂಡು ಸೊಪ್ಪನ್ನು ತೆರೆದ ದಪ್ಪ ತಳದ ಪಾತ್ರೆಗೆ ಹಾಕಿ. ವಿದ್ಯುತ್ತಿನ ಸ್ಲೋ ಕುಕ್ಕರ್‌ನಲ್ಲೂ ರಸ ನೀರಾಗಿಯೇ ಉಳಿಯುತ್ತದೆ.

ಮೂರಕ್ಕೂ ವಿನೆಗರ್ ಕೊನೆಯಲ್ಲಿ. ಮೊದಲೇ ಹುಳಿ ಬಿದ್ದರೆ ಎಲೆ ಬೇಗ ಮೆತ್ತಗಾಗುವುದಿಲ್ಲ. ಬೆಂದ ಎಲೆ ಮಾಸಲು ಹಸಿರಿಗೆ ತಿರುಗುವುದು ಸಹಜ. ಆ ಬಣ್ಣ ತಪ್ಪಿಸಲು ಅಡುಗೆ ಸೋಡಾ ಹಾಕಿದರೆ ಎಲೆ ಲೋಳೆಯಾಗಿ ರಸವೂ ಕೆಡುತ್ತದೆ.

ಋತುವಿನ ವ್ಯತ್ಯಾಸ ದೊಡ್ಡದು. ಮಂಜು ಬಿದ್ದ ಮೇಲೆ ಗಿಡ ಎಲೆಯಲ್ಲಿ ಸಕ್ಕರೆ ಕೂಡಿಸಿಕೊಳ್ಳುತ್ತದೆ, ಕಹಿ ಇಳಿಯುತ್ತದೆ. ಬೇಸಿಗೆಯ ಒರಟು ಎಲೆಯನ್ನು ಹ್ಯಾಮ್ ಹಾಕ್ ಹೇಗೋ ದಾಟಿಸಿಬಿಡುತ್ತದೆ, ಟರ್ಕಿ ಅಷ್ಟಿಷ್ಟು. ಮಾಂಸವಿಲ್ಲದ ಪಾತ್ರೆಯನ್ನು ನಾನು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮಾತ್ರ ಒಲೆಗೇರಿಸುತ್ತೇನೆ. ಸಸ್ಯಾಹಾರಿ ನೆಂಟರು ಜುಲೈನಲ್ಲಿ ಬಂದರೆ ಅವರಿಗೆ ಬೇರೆ ಸೊಪ್ಪು.