ಡೆಬ್ರಿಸ್ ಸಾಗಿಸೋ ಟೆಂಪೋದವರನ್ನ ನಂಬಿ ನನ್ನ ಹಾಗೆ ಮರ್ಯಾದೆ ಕಳ್ಕೋಬೇಡಿ

ಕರೆಂಟ್ ಕಂಬಕ್ಕೆ ಅಂಟಿಸಿರೋ ನಂಬರ್ ನೋಡಿ ಡೆಬ್ರಿಸ್, ಅಂದ್ರೆ ಮನೆ ರಿಪೇರಿಯ ಕಸ, ಸಾಗಿಸೋಕೆ ಟೆಂಪೋ ಕರೆಸಬೇಡಿ. ಮೊದಲೇ ಹೇಳಿಬಿಡ್ತೀನಿ, ಕರೆಸಬೇಡಿ.

ನಮ್ಮದು ಬೆಂಗಳೂರಿನ ಬನಶಂಕರಿ ಕಡೆ. ಬಾತ್‌ರೂಮ್ ರಿಪೇರಿ ಮಾಡಿಸಿದ್ವಿ. ಒಡೆದ ಟೈಲ್ಸು, ಹಳೇ ಕಮೋಡು, 12 ಮೂಟೆ ಡೆಬ್ರಿಸ್, ಜೊತೆಗೆ ಅಮ್ಮನ ಹತ್ತಿ ಹಾಸಿಗೆ. ಬೆಳಗಿನ ಕಸದ ಆಟೋದವರು ಇದನ್ನೆಲ್ಲ ಮುಟ್ಟಲ್ಲ, ಗೊತ್ತಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಬೇರೆ ಕಟ್ತಿದೀವಿ, ನಮ್ಮ ಮನೆಗೆ ತಿಂಗಳಿಗೆ 100 ರೂಪಾಯಿ. ಆದ್ರೂ ಡೆಬ್ರಿಸ್‌ಗೆ ನಮ್ಮ ದಾರಿ ನಾವೇ ನೋಡ್ಕೋಬೇಕು.

ಟೆಂಪೋದವನು 3000 ಅಂದ. ಚೌಕಾಸಿ ಮಾಡಿ 1800ಕ್ಕೆ ಇಳಿಸಿದೆ. ಯಜಮಾನರ ಮುಂದೆ ಜಂಬ ಬೇರೆ ಕೊಚ್ಕೊಂಡೆ. "ಎಲ್ಲಿ ಹಾಕ್ತೀಯಪ್ಪಾ?" ಅಂದ್ರೆ, "ನಮ್ದೇ ಜಾಗ ಐತೆ ಅಕ್ಕಾ, ಟೆನ್ಷನ್ ತಗೋಬೇಡಿ." ರಸೀದಿ ಇಲ್ಲ. ಗಾಡಿ ನಂಬರೂ ಬರ್ಕೊಳ್ಳಲಿಲ್ಲ, ಪೆದ್ದಿ.

ಮೂರನೇ ದಿನ, ಕಂಡಲ್ಲಿ ಕಸ ಎಸೆಯೋರಿಗೆ ದಂಡ ಹಾಕೋ ಮಾರ್ಷಲ್‌ಗಳು ಬಾಗಿಲಿಗೆ ಬಂದ್ರು. ಅವರ ಫೋನಲ್ಲಿ ಒಂದು ಫೋಟೋ. ರಾಜಕಾಲುವೆ ಬೇಲಿಗೆ ಒರಗಿರೋ ಹಾಸಿಗೆ, ಕೆಂಪು ಪಟ್ಟೆ, ಮೂಲೆಯಲ್ಲಿ ಅಮ್ಮ ನೀಲಿ ದಾರದಲ್ಲಿ ಹಾಕಿದ ತೇಪೆ. ಪಕ್ಕದಲ್ಲೇ ಕೊರಿಯರ್ ಡಬ್ಬ, ಅದರ ಮೇಲೆ ನನ್ನ ಹೆಸರು, ಮನೆ ನಂಬರ್. ನಂದಲ್ಲ ಅನ್ನೋಕೆ ಬಾಯಿ ತೆಗೆದೆ, ಆ ತೇಪೆ ನೋಡಿ ಮಾತೇ ಹೊರಡಲಿಲ್ಲ. ಎದುರುಮನೆಯವರು ಬಾಲ್ಕನಿಯಲ್ಲಿ ನಿಂತು ಎಲ್ಲ ನೋಡಿದ್ರು. 2025ರ ಅಕ್ಟೋಬರ್‌ನಲ್ಲಿ 'ಕಸ ಸುರಿಯುವ ಹಬ್ಬ' ಅಂತ ಬೀದಿಗೆ ಕಸ ಎಸೆದವರ ಮನೆ ಮುಂದೇನೇ ಕಸ ವಿಲೇವಾರಿಯವರು ವಾಪಸ್ ಸುರಿದ್ರಲ್ಲ, ಆ ವಿಡಿಯೋ ನೋಡಿ ಬಿದ್ದು ಬಿದ್ದು ನಕ್ಕವಳು ನಾನು!

5000 ದಂಡ. ಟೆಂಪೋದವನಿಗೆ ಫೋನ್ ಮಾಡಿದ್ರೆ ಒಂಚೂರೂ ನಾಚಿಕೆ ಇಲ್ಲ. "ಅಕ್ಕಾ, 1800ಕ್ಕೆ ಅಷ್ಟು ದೂರ ಚಿಕ್ಕಜಾಲದ ಡೆಬ್ರಿಸ್ ಪ್ಲಾಂಟ್‌ಗೆ ಹೋಗಿ ಬರಕ್ಕಾಗುತ್ತಾ? ಡೀಸೆಲ್ ಲೆಕ್ಕ ನೀವೇ ಹಾಕಿ." ಮತ್ತೆ ಜಾಗ ಇದೆ ಅಂದೆಯಲ್ಲೋ? "ಹಾಕಕ್ಕೆ ಜಾಗ ಸಿಕ್ತಲ್ಲಾ!" ಇಷ್ಟು ಸಾಲದು ಅಂತ, "ಹೆಸರಿರೋ ಡಬ್ಬ ಯಾಕ್ ಕೊಟ್ರಿ, ಹರಿದು ಕೊಡ್ಬೇಕಿತ್ತು" ಅಂತ ನನಗೇ ಬುದ್ಧಿವಾದ. ಆಮೇಲೆ ನನ್ನ ನಂಬರ್ ಬ್ಲಾಕ್. ಲೆಕ್ಕ ಹಾಕಿದ್ರೆ ಅವನು ಹೇಳಿದ್ದೂ ನಿಜ, ಅದೇ ಹೊಟ್ಟೆ ಉರಿಯೋದು.

ರಿಪೇರಿ ಮಾಡಿಸೋರು ಡೆಬ್ರಿಸ್ ಸಾಗಿಸೋ ಮಾತನ್ನ ಮೇಸ್ತ್ರಿ ಹತ್ರ ಮೊದಲೇ ಆಡಿ. ಗಾಡಿ ನಂಬರ್ ಫೋಟೋ ತಗೊಳ್ಳಿ, ಪ್ಲಾಂಟ್‌ನ ರಸೀದಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ. ನನ್ನ ಹಾಗೆ ಚೌಕಾಸಿನೂ ಮಾಡಬೇಡಿ.

ಹಾಸಿಗೆ ವಾಪಸ್ ತಂದಿದೀವಿ, ಒದ್ದೆಯಾಗಿ ಟೆರೇಸ್ ಮೇಲಿದೆ. ಬನಶಂಕರಿ ಕಡೆ ಹತ್ತಿ ಹಿಂಜೋರು ಯಾರಾದ್ರೂ ಇದ್ರೆ ಹೇಳಿ.