ಇಂಜಿನ್ ಕಿಟ್‌ಗೆ ದುಡ್ಡು ಹಾಕುವ ಮೊದಲು ತಿರುವಿನಲ್ಲಿ ಓಡಿಸಿ ತೋರಿಸಲು ಹೇಳಿ

ಅಪರೂಪದ ರೈಲು ಇಂಜಿನ್‌ನ, ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಕಟ್ಟುವ ಲೆಗೊ ಥರದ ಕಿಟ್ ಅಂತ ಯಾರಾದರೂ ಚೆಂದದ ಫೋಟೋ ಕಳಿಸಿದರೆ ತಕ್ಷಣ ದುಡ್ಡು ಹಾಕಬೇಡಿ. ನಾನು 6,800 ರೂಪಾಯಿ ಹಾಕಿ ಕೆಟ್ಟೆ.

ನನಗೆ ಬೇಕಿದ್ದದ್ದು 'ಲೀಡರ್'. ಆಲಿವರ್ ಬುಲೈಡ್ ಎಂಬ ಎಂಜಿನಿಯರ್ 1949ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕಾರ್ಖಾನೆಯಲ್ಲಿ ಮಾಡಿಸಿದ್ದು. ಉಗಿ ಇಂಜಿನ್, ಆದರೆ ನೋಡಲು ಡೀಸೆಲ್ ಇಂಜಿನ್ ಹಾಗೆ ಉದ್ದನೆ ಡಬ್ಬಿ. ಎರಡೂ ತುದಿಗೆ ಡ್ರೈವರ್ ಕ್ಯಾಬಿನ್. ಕಲ್ಲಿದ್ದಲು ಹಾಕುವವನು ಮಾತ್ರ ನಡುವೆ, ಬೆಂಕಿಯ ಪಕ್ಕದಲ್ಲೇ. ಅಲ್ಲಿ ಧಗೆ 50 ಡಿಗ್ರಿ ಹತ್ತಿರ ಹೋಗುತ್ತಿತ್ತಂತೆ. ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಇರುವ ಬಳ್ಳಾರಿಯವನು ನಾನು, ಆ ಪುಣ್ಯಾತ್ಮನ ಮೇಲೆ ಮಮತೆ ಹುಟ್ಟಿಬಿಟ್ಟಿತು.

ಮಾರುವವನು "ನೂರಕ್ಕೆ ನೂರು ಓಡುತ್ತೆ ಸಾರ್" ಅಂದ. ಅವನು ಕಳಿಸಿದ್ದು ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ ಅಂತ ನನಗೆ ಆಮೇಲೆ ಹೊಳೆಯಿತು.

ಪಾರ್ಸಲ್ ಬಂತು. ಪರಾತಕ್ಕೆ ಸುರುವಿಕೊಂಡು ಎಣಿಸಿದೆ, 31 ತುಂಡು ಕಡಿಮೆ. ಅದು ಹೋಗಲಿ. ಈ ಆಟದಲ್ಲಿ ಒಂದು ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಚಪ್ಪಟೆ ತುಂಡಿನದು 3.2. ಮೂರು ಚಪ್ಪಟೆ ಸೇರಿದರೆ ಸರಿಯಾಗಿ ಒಂದು ಇಟ್ಟಿಗೆ ಆಗಬೇಕು. ಇಲ್ಲಿ ಮೂರು ಸೇರಿಸಿದರೆ ಕೂದಲೆಳೆಯಷ್ಟು ಜಾಸ್ತಿ. ಒಂದೆರಡು ಸಾಲಿಗೆ ಗೊತ್ತಾಗಲ್ಲ. ಹತ್ತನೇ ಸಾಲಿಗೆ ಬರುವಷ್ಟರಲ್ಲಿ ಛಾವಣಿ ಒಂದು ಕಡೆ ಎದ್ದು ನಿಂತಿತು. ಈ ಕಡೆ ಒತ್ತಿದರೆ ಆ ಕಡೆ ಟಕ್ ಅಂತ ಬಿಚ್ಚಿಕೊಳ್ಳುತ್ತಿತ್ತು.

ಅಸಲಿ ಮೋಸ ಚಕ್ರದಲ್ಲಿತ್ತು. ಲೀಡರ್‌ಗೆ ಅಡಿಯಲ್ಲಿ ಎರಡು ಬೋಗಿ (ಡಬ್ಬಿಯಲ್ಲ, ಚಕ್ರ ಕೂರಿಸುವ ಚೌಕಟ್ಟು), ಒಂದೊಂದಕ್ಕೆ ಮೂರು ಅಚ್ಚು. ಆಟದ ಹಳಿಯ ತಿರುವು ಬಹಳ ಇಕ್ಕಟ್ಟು. ಮೂರು ಅಚ್ಚು ಬಿಗಿಯಾಗಿ ಒಂದೇ ಸಾಲಿನಲ್ಲಿದ್ದರೆ ನಡುವಿನ ಚಕ್ರ ಹಳಿ ಹತ್ತಿಬಿಡುತ್ತದೆ. ಅದಕ್ಕೇ ನಡುವಿನದಕ್ಕೆ, ಹಳಿಯ ಒಳಬದಿಗೆ ಇಳಿಯುವ ಅಂಚಿಲ್ಲದ ಚಕ್ರ ಹಾಕಬೇಕು, ಇಲ್ಲವೇ ಅಚ್ಚು ಪಕ್ಕಕ್ಕೆ ಸರಿಯುವಂತಿರಬೇಕು. ನನಗೆ ಬಂದ ಹನ್ನೆರಡಕ್ಕೆ ಹನ್ನೆರಡೂ ಅಂಚಿನವು. ಕೇಳಿದರೆ "ಬ್ಲೇಡಿನಲ್ಲಿ ಕೆತ್ತಿಕೊಳ್ಳಿ ಸಾರ್" ಅಂದ. ಅದೇ ಅವನ ಕೊನೆ ಮಾತು, ಆಮೇಲೆ ನನ್ನ ನಂಬರ್ ಬ್ಲಾಕ್.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ ಇದೆಯಾ ಅಂದರು. ಬಿಲ್ಲೂ ಇಲ್ಲ, ಡಬ್ಬ ಬಿಚ್ಚುವಾಗಿನ ವಿಡಿಯೋವೂ ಇಲ್ಲ. ನೀವು ತರಿಸುವುದಾದರೆ ಇವೆರಡನ್ನೂ ಬಿಡಬೇಡಿ. ಮುಖ್ಯವಾಗಿ, ಕಟ್ಟಿದ ಇಂಜಿನ್ ತಿರುವಿನಲ್ಲಿ ಓಡುವ ವಿಡಿಯೋ ಕೇಳಿ. ಫೋಟೋ ಸಾಲದು. ಇದೆ ಅಂತ ಹೇಳಿ ನಾಳೆ ನಾಳೆ ಅಂದರೆ, ಅವನು ಒಮ್ಮೆಯೂ ಕಟ್ಟಿಲ್ಲ ಅಂತಲೇ ಅರ್ಥ.

ನನ್ನ ಭಾವ ಬೇರೆ ನಗುತ್ತಾನೆ. "ಅಸಲಿ ಇಂಜಿನ್ನೇ ನೆಟ್ಟಗೆ ಓಡಲಿಲ್ಲ, ನಿಂದು ಓಡಬೇಕಾ?" ಅದೂ ನಿಜವೇ ಅನ್ನಿ. ಓಡಿದ್ದು 36001 ನಂಬರಿನದು ಒಂದೇ, 1951ರಲ್ಲಿ ಅದನ್ನೂ ಗುಜರಿಗೆ ಹಾಕಿದರು. ಇಂಜಿನ್ ಒಳಗೇ ಓಡಾಡಲು ಪಕ್ಕದಲ್ಲಿ ದಾರಿ ಬೇಕು ಅಂತ ಬಾಯ್ಲರನ್ನು ಒಂದು ಬದಿಗೆ ಸರಿಸಿದ್ದರು. ಭಾರ ಒಂದೇ ಕಡೆಗೆ ಬಿದ್ದು, ಇನ್ನೊಂದು ಕಡೆ ತೂಕ ಹೇರಬೇಕಾಯಿತು. ಕಿಟ್ ಮಾರಿದ ನಮ್ಮ ಮಹಾಶಯ ಬ್ಯಾಟರಿ ಡಬ್ಬಿಯನ್ನೂ ಬಾಯ್ಲರ್ ಬದಿಗೇ ಇಟ್ಟಿದ್ದ, ನನ್ನದೂ ವಾಲುತ್ತಿತ್ತು. ಅಪ್ಪನ ಕಿರಾಣಿ ಅಂಗಡಿಯಿಂದ 50 ಗ್ರಾಂ ತೂಕದ ಕಲ್ಲು ತಂದು ಆ ದಾರಿಯೊಳಗೆ ತುರುಕಿದೆ. ಈಗ ಶೋಕೇಸಿನಲ್ಲಿ ನೆಟ್ಟಗೆ ನಿಂತಿದೆ. ಅಪ್ಪ ಮಾತ್ರ ದಿನಾ ಕಲ್ಲು ವಾಪಸ್ ಕೇಳುತ್ತಾರೆ.