ಕಾಸರಗೋಡಿನ ಒಳದಾರಿಗಳಿಗೆ ಬಾಡಿಗೆ ಸೈಕಲ್: ದಾರಿಚೀಟಿಗೆ ಪೂರ್ಣ ಅಂಕ, ಗೇರಿಗೆ ಅರ್ಧ

ಕಾಸರಗೋಡು ಪೇಟೆಯ ಹೊರವಲಯದಲ್ಲಿ ರೋಡ್ ಸೈಕಲ್‌ಗಳನ್ನು ದಿನಬಾಡಿಗೆಗೆ ಕೊಡುವ ಚಿಕ್ಕ ಅಂಗಡಿಯೊಂದಿದೆ. ಸೈಕಲ್ಲಿನ ಜೊತೆಗೆ, ಕಡಲಿಗೆ ಹತ್ತಿರವಿದ್ದೂ ವಾಹನಗಳ ಗದ್ದಲವಿಲ್ಲದ ಹಳ್ಳಿರಸ್ತೆಗಳನ್ನು ಪೋಣಿಸಿ ಮಾಡಿದ ಮೂರು ದಾರಿಗಳ ವಿವರವನ್ನೂ ದಾರಿಚೀಟಿಯಲ್ಲಿ ಬರೆದು ಅವರು ಒದಗಿಸುತ್ತಾರೆ. ಮೂರನ್ನೂ ತುಳಿದು ನೋಡಿದ ಮೇಲೆ ನನ್ನ ಅಭಿಪ್ರಾಯವಿಷ್ಟು: ಅವರು ಎಲ್ಲಕ್ಕಿಂತ ಹೆಚ್ಚು ಪ್ರಚಾರ ಮಾಡುವ ಬೇಕಲದ ದಾರಿ ಮೂರರಲ್ಲಿ ಕೊನೆಯದು, ಮಧೂರು–ಅನಂತಪುರದ ದಾರಿ ಮೊದಲನೆಯದು, ಮತ್ತು ಅಷ್ಟು ಚೆನ್ನಾಗಿ ದಾರಿ ಹುಡುಕಿದವರು ಆ ದಾರಿಗೆ ತಕ್ಕ ಸೈಕಲ್ಲನ್ನು ಇನ್ನೂ ಇಟ್ಟುಕೊಂಡಿಲ್ಲ. ನನ್ನ ದೂರುಗಳೆಲ್ಲ ಅವರು ಸುಲಭವಾಗಿ ತಿದ್ದಿಕೊಳ್ಳಬಹುದಾದಂಥವು. ಆದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆದಿಲ್ಲ.

ಕಡಲ ಬದಿಯ ಸವಾರಿ ಎಂದರೆ ಅಲೆಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಉದ್ದಕ್ಕೂ ಸಾಗುವ ರಸ್ತೆಯೆಂದು ಎಣಿಸಿ ಬರುವವರಿಗೆ ಈ ಜಿಲ್ಲೆಯ ನೆಲದ ಗುಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂಜೇಶ್ವರ, ಉಪ್ಪಳ, ಶಿರಿಯಾ, ಮೊಗ್ರಾಲ್, ಚಂದ್ರಗಿರಿ ಹೀಗೆ ಒಂದರ ಹಿಂದೊಂದು ಹೊಳೆಗಳು ಪಡುಗಡಲನ್ನು ಸೇರುವುದರಿಂದ, ಕಡಪ್ಪುರದ, ಎಂದರೆ ಕಡಲಂಚಿನ, ರಸ್ತೆಗಳು ಅಳಿವೆಯ ಬಳಿ ಬಂದಾಗ ಸುಮ್ಮನೆ ಮುಗಿದುಹೋಗುತ್ತವೆ. ಮುಂದಕ್ಕೆ ಹೋಗಬೇಕಾದರೆ ರೈಲು ಹಳಿಯನ್ನು ದಾಟಿ ದೊಡ್ಡ ರಸ್ತೆಯ ಸೇತುವೆಗೇ ಬರಬೇಕು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾದ ಮೇಲೆ ಅದನ್ನು ಅಡ್ಡ ದಾಟಲು ಅಲ್ಲಲ್ಲಿರುವ ಕೆಳಸೇತುವೆಗಳೇ ಗತಿ. ಮೊದಲು ಎಡಬಲ ನೋಡಿ ದಾಟುತ್ತಿದ್ದ ಜಾಗದಲ್ಲಿ ಈಗ ಗೋಡೆ ಎದ್ದಿದೆ. ಮಂಜೇಶ್ವರದ ಕುಂಜತ್ತೂರಿನಿಂದ ತಿರುವನಂತಪುರದ ಪೂವಾರ್‌ವರೆಗೆ ಸೈಕಲ್ ಪಥವೂ ಸೇರಿದಂತೆ ಕರಾವಳಿ ಹೆದ್ದಾರಿ ಮಾಡುವ ಕೇರಳ ಸರಕಾರದ ಯೋಜನೆ ಪೂರ್ಣಗೊಂಡರೆ ಈ ಮಾತು ಬದಲಾಗಬಹುದು. ಅಲ್ಲಿಯವರೆಗೆ ಕಾಸರಗೋಡಿನಲ್ಲಿ ಒಳ್ಳೆಯ ಸವಾರಿ ಎಂದರೆ ಹೆದ್ದಾರಿಯ ಮೂಡುಬದಿಯ ಸವಾರಿ. ಈ ಅಂಗಡಿಯವರಿಗೆ ಅದು ಗೊತ್ತಿದೆ. ಹೆದ್ದಾರಿಯನ್ನು ಆದಷ್ಟು ಕಡಿಮೆ ಸಲ ದಾಟುವಂತೆ ದಾರಿ ಹೆಣೆದಿರುವುದರಲ್ಲಿಯೇ ಅವರ ಅನುಭವ ಕಾಣುತ್ತದೆ.

ಮಧೂರಿನ ದಾರಿ ವಿದ್ಯಾನಗರದಲ್ಲಿ ಹೆದ್ದಾರಿಯನ್ನು ಬಿಟ್ಟು ಉಳಿಯತ್ತಡ್ಕಕ್ಕೆ ಹೋಗುತ್ತದೆ. ಅಲ್ಲಿಂದ ಮಧುವಾಹಿನಿ ಹೊಳೆಯ ದಡದ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದವರೆಗೆ ಇಳಿಜಾರು. ಮೂರು ನೆಲೆಯ ಗಜಪೃಷ್ಠ ಮಾಡು ದೂರದಿಂದಲೇ ಕಾಣುತ್ತದೆ. ಸೈಕಲ್ ನಿಲ್ಲಿಸಿ ಕೈಕಾಲು ತೊಳೆದು ಅಪ್ಪದ ಪ್ರಸಾದ ತಿಂದು ಹೊರಟರೆ ಮುಂದಿನ ಏರಿಗೆ ಬೇಕಾದ ಬೆಲ್ಲ ಹೊಟ್ಟೆ ಸೇರಿರುತ್ತದೆ. ಅಲ್ಲಿಂದ ಉಳಿಯತ್ತಡ್ಕಕ್ಕೆ ಮರಳಿ ಸೀತಾಂಗೋಳಿಯ ಕಡೆಗೆ ತಿರುಗಿದಾಗ ಈ ಊರಿನ ನಿಜವಾದ ನೆಲ ಆರಂಭವಾಗುತ್ತದೆ: ಮುರಕಲ್ಲಿನ ಬೋಳು ಪದವು (ಎತ್ತರದ ಬಯಲು), ಅದರಿಂದ ತಟ್ಟನೆ ಇಳಿದರೆ ಅಡಿಕೆ ತೋಟದ ಬೈಲು, ತೋಡಿನ ಮೇಲೊಂದು ಮೋರಿ, ಮತ್ತೆ ಏರು, ಮತ್ತೆ ಪದವು. ಏರುಗಳು ಉದ್ದವಿಲ್ಲ, ಆದರೆ ಕಡಿದಾಗಿವೆ. ಒಂದನ್ನು ಹತ್ತಿ ಉಸಿರು ತಿರುಗುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ.

ಈ ಇಳಿಜಾರುಗಳಲ್ಲಿ ಹೊಸಬರು ಗಮನಿಸಬೇಕಾದ ಸಂಗತಿಯೊಂದಿದೆ. ಪದವಿನ ಮೇಲೆ ಕಲ್ಲಿನ ಕಾವು ಮುಖಕ್ಕೆ ಹೊಡೆಯುತ್ತಿರುತ್ತದೆ. ತೋಟದ ನೆರಳಿಗೆ ಇಳಿದೊಡನೆ ಗಾಳಿ ತಣ್ಣಗಾಗಿ ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಆ ಹಿತಕ್ಕೆ ಬ್ರೇಕಿನ ಮೇಲಿನ ಬೆರಳು ಸಡಿಲವಾಗುವುದು ಸಹಜ. ಆದರೆ ಜನವರಿ ಕಳೆದ ಮೇಲೆ ಬೆಳಗಿನ ಹೊತ್ತು ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಅದರ ನೀರು ತಿರುಗಿ ತಿರುಗಿ ಬಂದು ರಸ್ತೆಯ ಒಂದು ಅಂಚನ್ನು ಮಾತ್ರ ತೋಯಿಸುತ್ತದೆ, ದಿನವೂ ತೋಯುವ ಆ ಅಂಚಿನಲ್ಲಿ ತೆಳ್ಳಗೆ ಪಾಚಿ ಹಿಡಿದಿರುತ್ತದೆ. ಡಾಮರಿನ ಬಣ್ಣ ಅಲ್ಲಿ ಸ್ವಲ್ಪ ಹೆಚ್ಚು ಕಪ್ಪಾಗಿ ಕಂಡರೆ ಅದು ಪಾಚಿಯೇ. ಸಪೂರ ಟಯರಿನಲ್ಲಿ ಆ ಅಂಚಿನ ಮೇಲೆ ಬ್ರೇಕ್ ಹಿಡಿಯಬಾರದು.

ಸೀತಾಂಗೋಳಿಯಿಂದ ಕುಂಬಳೆಯ ರಸ್ತೆ ಹಿಡಿದು ನಾಯ್ಕಾಪಿನಲ್ಲಿ ತಿರುಗಿದರೆ ಅನಂತಪುರ. ಕಲ್ಲು ಕಡಿದು ಮಾಡಿದ ಕೆರೆಯ ನಡುವಿನ ಗುಡಿ, ಬಬಿಯಾ ಮೊಸಳೆ ಇದ್ದ ಕೆರೆ, ಎಲ್ಲರೂ ಬಲ್ಲರು. 2022ರ ಅಕ್ಟೋಬರ್‌ನಲ್ಲಿ ಬಬಿಯಾ ತೀರಿಹೋದ ಮೇಲೂ ಸಂದರ್ಶಕರ ಸಂಖ್ಯೆ ಕುಗ್ಗಿದಂತೆ ನನಗೆ ಕಂಡಿಲ್ಲ. ಭಾನುವಾರ ಹೊತ್ತೇರಿದ ಮೇಲೆ ಈ ತಿರುವಿನಲ್ಲಿ ಕಾರುಗಳು ಹೆಚ್ಚು. ಏಳು ಗಂಟೆಯೊಳಗೆ ತಲುಪಿದರೆ ಪದವು ನಿಮ್ಮದೇ.

ಈ ದಾರಿಯ ಕೊನೆಯ ಭಾಗವನ್ನು ಮಾತ್ರ ನಾನು ಒಪ್ಪಲಾರೆ. ಕುಂಬಳೆಗೆ ಇಳಿದು, ಮೊಗ್ರಾಲಿನ ಮೂಲಕ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಕಾಸರಗೋಡಿಗೆ ಮರಳುವಂತೆ ಚೀಟಿ ಹೇಳುತ್ತದೆ. ಎದುರಿನಿಂದ ನುಗ್ಗುವ ಬೈಕುಗಳು, ಎಲ್ಲೆಂದರಲ್ಲಿ ನಿಲ್ಲುವ ಬಸ್ಸುಗಳು, ಚರಂಡಿಯ ಮೇಲೆ ಏರುಪೇರಾಗಿ ಕೂತ ಚಪ್ಪಡಿಗಳು, ಇವುಗಳ ನಡುವೆ ಬೆಳಗಿನ ಸವಾರಿಯ ಸುಖವೆಲ್ಲ ಸೋರಿಹೋಗುತ್ತದೆ. ಸುತ್ತು ಪೂರ್ಣವಾಗಲೇಬೇಕೆಂಬ ಹಟವಿಲ್ಲದವರು ಅನಂತಪುರದಿಂದ ಬಂದ ದಾರಿಯಲ್ಲೇ ಹಿಂದಿರುಗುವುದು ಮೇಲು. ಇಳಿದದ್ದನ್ನೆಲ್ಲ ಆಗ ಏರಬೇಕಾಗುತ್ತದೆ ಎನ್ನುವುದೇನೋ ನಿಜ.

ಇನ್ನು ದಾರಿಚೀಟಿ. ಅರ್ಧ ಹಾಳೆಯಷ್ಟು ಅಗಲದ, ಪ್ಲಾಸ್ಟಿಕ್ ಹೊದಿಸಿದ ಈ ಚೀಟಿಯನ್ನು ಹ್ಯಾಂಡಲಿಗೆ ಕ್ಲಿಪ್ ಹಾಕಿ ಸಿಕ್ಕಿಸಿಕೊಡುತ್ತಾರೆ. ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ. ಮೊಬೈಲಿನ ನಕ್ಷೆಯಲ್ಲಿ ದಾರಿ ತೋರಿಸುವ ಜಿಪಿಎಕ್ಸ್ ಕಡತವನ್ನೂ ಕಳುಹಿಸುತ್ತಾರಾದರೂ ಬೈಲುಗಳಲ್ಲಿ ಸಿಗ್ನಲ್ ಹೋದಾಗ ಕೈಹಿಡಿಯುವುದು ಈ ಚೀಟಿಯೇ. ಗುರುತುಗಳನ್ನು ಸ್ಥಳೀಯರ ಕಣ್ಣಿನಿಂದ ಆರಿಸಿದ್ದಾರೆ: ‘ಪಡಿತರ ಅಂಗಡಿಯ ಎದುರಿನ ಕಟ್ಟೆಯಲ್ಲಿ ಬಲಕ್ಕೆ’, ‘ದೈವಸ್ಥಾನದ ಕಮಾನು ದಾಟಿದ ಮೇಲೆ ಎರಡನೆಯ ಏರು, ನಿಧಾನ’. ದಾರಿ ತಪ್ಪಿದರೆ ಕೇಳಲು ಈ ಭಾಗದಲ್ಲಿ ತುಳು, ಕನ್ನಡ, ಮಲಯಾಳ ಯಾವುದೂ ಸಾಕು. ನೀರು ತುಂಬಿಸಿಕೊಳ್ಳುವ ಜಾಗಗಳನ್ನೂ, ಪಂಕ್ಚರ್ ಹಾಕುವ ಅಂಗಡಿಗಳನ್ನೂ ಬೇರೆ ಬಣ್ಣದಲ್ಲಿ ಗುರುತಿಸಿದ್ದಾರೆ. ಬೀದಿನಾಯಿಗಳು ಅಟ್ಟಿಬರುವ ತಾಣಗಳ ಬಗ್ಗೆ ಒಂದಕ್ಷರವೂ ಇಲ್ಲದಿರುವುದು ಇದರ ಕೊರತೆ. ಕೋಳಿ ಅಂಗಡಿ ಇರುವ ತಿರುವುಗಳಲ್ಲಿ ಅವು ಇದ್ದೇ ಇರುತ್ತವೆ.

ಸೈಕಲ್ಲುಗಳ ವಿಷಯ. ಅಲ್ಯುಮಿನಿಯಂ ಚೌಕಟ್ಟು, ಶಿಮಾನೋ ಕ್ಲಾರಿಸ್ ಗೇರು, ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲಿನ ಎಂಟು ಚಕ್ರ, 25 ಮಿ.ಮೀ. ಟಯರು. ಸಮತಟ್ಟಾದ ನಾಡಿಗೆ ಇದು ಒಪ್ಪುವ ಜೋಡಣೆ. ಇಲ್ಲಿಯ ಪದವಿನ ಏರಿಗೆ ಸಾಲದು. 34ಕ್ಕೆ 28ರ ಅತಿ ಹಗುರ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಸೈಕಲ್ ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ ಸಾಗುತ್ತದೆ; ಕಡಿದಾದ ಏರಿನಲ್ಲಿ ಸಾಮಾನ್ಯ ಸವಾರನಿಗೆ ಅಷ್ಟು ವೇಗ ಸಾಧ್ಯವಾಗದೆ ತುಳಿತ ನಿಧಾನಗೊಂಡು, ಭಾರವೆಲ್ಲ ಮೊಣಗಂಟಿನ ಮೇಲೆ ಬೀಳುತ್ತದೆ. ಅದೇ ಗೇರಿಗೆ ಹಿಂದೆ 32 ಹಲ್ಲಿನ ಚಕ್ರ ಹಾಕಿದ್ದರೆ ಅದೇ ಲಯದಲ್ಲಿ 8 ಕಿ.ಮೀ.ಗೆ ಇಳಿಯಬಹುದು. ಕೇಳಲು ಚಿಕ್ಕದಾದ ಈ ವ್ಯತ್ಯಾಸ, ಸೈಕಲ್ ತಳ್ಳಿಕೊಂಡು ಹತ್ತುವವನಿಗೂ ಕೂತೇ ಹತ್ತುವವನಿಗೂ ನಡುವಿನ ವ್ಯತ್ಯಾಸ. ಟಯರು 28 ಮಿ.ಮೀ. ಆಗಿದ್ದರೆ ಗಾಳಿ ಸ್ವಲ್ಪ ಕಡಿಮೆ ತುಂಬಿ ಹಂಪ್‌ಗಳನ್ನೂ ಮುರಕಲ್ಲಿನ ಚೂರುಗಳನ್ನೂ ಬೆನ್ನು ನೋಯದಂತೆ ದಾಟಬಹುದಿತ್ತು. ನಿರ್ವಹಣೆಯ ಬಗ್ಗೆಯೂ ಒಂದು ಆಕ್ಷೇಪ: ನನಗೆ ಕೊಟ್ಟ ಸೈಕಲ್ಲಿನ ಚೈನಿನ ಕೊಂಡಿಗಳಲ್ಲಿ ಕಡಲಗಾಳಿಯ ತುಕ್ಕು ಕಾಣುತ್ತಿತ್ತು, ಅದರ ಮೇಲೆಯೇ ದಪ್ಪ ಎಣ್ಣೆ ಸುರಿದಿದ್ದರು. ಆ ಎಣ್ಣೆಗೆ ಕೆಂಪು ಧೂಳು ಅಂಟಿ, ಸೀತಾಂಗೋಳಿ ಮುಟ್ಟುವಷ್ಟರಲ್ಲಿ ಚೈನು ಕರಕರ ಎನ್ನತೊಡಗಿತು. ಹೊರಡುವ ಮೊದಲು ಚೈನನ್ನು ಒಣಬಟ್ಟೆಯಿಂದ ಒರೆಸಿಕೊಡಿ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಬೇಕಲದ ದಾರಿಗೆ ಹೆಚ್ಚು ಮಾತು ಬೇಡ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು ಮೂಲಕ ಸುಮಾರು 16 ಕಿ.ಮೀ. ರಾಜ್ಯ ಹೆದ್ದಾರಿ; ನೆಲ ನಯವಾಗಿದೆ, ಕಾಞಂಗಾಡಿನ ಬಸ್ಸುಗಳು ಮಾತ್ರ ಸೈಕಲ್ಲನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕಾಪಿಲ್ ಕಡಲತೀರದ ಕಡೆಗೆ ತಿರುಗುವ ಒಂದಿಷ್ಟು ದೂರ ಚೆಂದವಿದೆ. 17ನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪನಾಯಕನ ಕಾಲದಲ್ಲಿ ಎದ್ದ ಚಂದ್ರಗಿರಿ, ಬೇಕಲ ಕೋಟೆಗಳೆರಡನ್ನೂ ಒಂದೇ ಬೆಳಿಗ್ಗೆ ನೋಡಬೇಕೆಂಬವರು ಹೋಗಬಹುದು. ಶಾಂತವಾದ ಹಳ್ಳಿಗಾಡು ಎಂದು ಇದನ್ನು ಬಣ್ಣಿಸುವುದು ಸರಿಯಲ್ಲ.

ಮೂರನೆಯದು ಉಪ್ಪಳದ ಕೈಕಂಬದಿಂದ ಪೈವಳಿಕೆ, ಬಾಯಾರು, ಪೆರ್ಮುದೆಯಾಗಿ ಸೀತಾಂಗೋಳಿಗೆ ಬರುವ ದಾರಿ. ವಾಹನಗಳು ಕಡಿಮೆ, ಏರುಗಳು ಹೆಚ್ಚು. ಗುಡ್ಡೆಯ ಹೊಟ್ಟೆಗೆ ಅಡ್ಡ ಕೊರೆದು ನೀರು ಹರಿಸಿಕೊಳ್ಳುವ ಸುರಂಗಗಳ ಸೀಮೆಯಿದು. ತೋಟದವರನ್ನು ಕೇಳಿದರೆ ಬಾಯಿಯವರೆಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ, ತಣ್ಣನೆಯ ನೀರನ್ನೂ ಕೊಡುತ್ತಾರೆ. ಈ ದಾರಿಗೆ ಸ್ವಂತ ಸೈಕಲ್ ಇದ್ದವರೇ ಹೋಗಲಿ ಎನ್ನುವುದು ನನ್ನ ಸಲಹೆ. ಅಂಗಡಿಯವರು ಸೈಕಲ್ ಇಲ್ಲದೆ ಬರೀ ಚೀಟಿಯನ್ನೂ ಅಲ್ಪ ದರಕ್ಕೆ ಮಾರುತ್ತಾರೆ, ಮತ್ತು ಅಲ್ಲಿ ನಾನು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಮಾರ್ಚ್ ಆದರೆ ಒಂಬತ್ತು ಗಂಟೆಗೇ ಸೆಕೆ ಕಾಡುತ್ತದೆ, ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಅವರು ಸೈಕಲ್ ಹೊರಗೆ ಕೊಡುವುದಿಲ್ಲ. ಬಾಡಿಗೆ ದುಬಾರಿಯಲ್ಲ, ಠೇವಣಿಯನ್ನು ನಗದಾಗಿಯೇ ಕೇಳುತ್ತಾರೆ. ಹೆಲ್ಮೆಟ್, ಪಂಪು, ಒಂದು ಟ್ಯೂಬು ಬಾಡಿಗೆಯಲ್ಲೇ ಸೇರಿವೆ. ಟಯರ್ ಲಿವರ್ ಮಾತ್ರ ಕೇಳಿದರಷ್ಟೇ ಸಿಗುತ್ತದೆ, ಮರೆಯದೆ ಕೇಳಿ.